ಕೋಳಿಗೂಡಿನ ಪೆಟ್ರೋಲು

ಜಗತ್ತಿನಲ್ಲಿ ಎಣ್ಣೆಯ ಬೆಲೆ ಬಿದ್ದ ವರ್ಷ ನಮ್ಮ ಕೋಳಿಗಳು ಮನೆ ಕಳೆದುಕೊಂಡವು. ಅದಕ್ಕೂ ಇದಕ್ಕೂ ಏನು ಸಂಬಂಧ ಎಂದು ಕೇಳುವವರು ನನ್ನ ಗಂಡನನ್ನು ನೋಡಿದವರಲ್ಲ.

ನನ್ನ ಗಂಡ ನಿತ್ಯಾನಂದ ಶೆಟ್ಟರಿಗೆ ಕಂಕನಾಡಿ ಮಾರ್ಕೆಟಿನ ಹತ್ತಿರ ಒಂದು ಹೋಟೆಲು. ಮನೆ ಕಾವೂರಿನಲ್ಲಿ. ಹೋಟೆಲಿನ ಕೋಳಿಸುಕ್ಕಕ್ಕೆ ಹೆಸರಿದೆ, ಅದು ಅಡುಗೆಯ ಫಿಲಿಪ್‌ನ ಪುಣ್ಯ. ಇವರ ಕೆಲಸ ಗಲ್ಲಾಪೆಟ್ಟಿಗೆಯ ಹಿಂದೆ ಕೂತು ಪೇಪರು ಓದುವುದು, ಓದಿದ್ದನ್ನು ಗಿರಾಕಿಗಳಿಗೆ ವಿವರಿಸುವುದು. ಊಟ ಮುಗಿಸಿ ಏಳಬೇಕೆಂದಿದ್ದವರು ಇವರ ವಿವರಣೆ ಮುಗಿಯದೆ ಇನ್ನೊಂದು ಚಹಾ ಕುಡಿಯುತ್ತಿದ್ದರು. ಹಾಗೆ ನೋಡಿದರೆ ಅದೂ ವ್ಯಾಪಾರವೇ.

ಎಂಬತ್ತಾರನೆಯ ಇಸವಿಯ ಆರಂಭದಲ್ಲಿ ಎಣ್ಣೆಯ ದೇಶಗಳು ಒಂದಕ್ಕೊಂದು ಜಿದ್ದಿಗೆ ಬಿದ್ದು ಎಣ್ಣೆ ಮೇಲೆತ್ತಿದವು. ಬೆಲೆ ನೆಲ ಕಚ್ಚಿತು. ಅದೇ ಫೆಬ್ರವರಿಯಲ್ಲಿ ನಮ್ಮ ಸರಕಾರ ಪೆಟ್ರೋಲಿನ ಬೆಲೆ ಏರಿಸಿತು. ಜನ ಬೊಬ್ಬೆ ಹೊಡೆದ ಮೇಲೆ ಸ್ವಲ್ಪ ಇಳಿಸಿತು, ಆದರೂ ಮೊದಲಿಗಿಂತ ಹೆಚ್ಚೇ ಉಳಿಯಿತು. ಇವರು ಅದನ್ನು ತಮಗೇ ಮಾಡಿದ ಅವಮಾನ ಎಂದು ತೆಗೆದುಕೊಂಡರು.

"ಬಂದರಿನ ದಕ್ಕೆಯಲ್ಲಿ ಬಂಗುಡೆ ಮೀನು ರಾಶಿ ಬಿದ್ದ ದಿನ ಕಾವೂರಿನಲ್ಲಿ ಬಂಗುಡೆಗೆ ರೇಟು ಜಾಸ್ತಿ ಮಾಡುವುದುಂಟಾ ರತ್ನಾ?" ಎಂದು ನನ್ನನ್ನು ಕೇಳಿದರು. ನಾನು ಸರಕಾರವೇ ಆಗಿದ್ದೆನೋ ಎಂಬಂತಿತ್ತು ಕೇಳಿದ ಧಾಟಿ.

ಪ್ರತಿಭಟನೆಯಾಗಿ ಫಿಯಟ್ ಕಾರನ್ನು ಶೆಡ್ಡಿಗೆ ಹಾಕಿ ಬೀಗ ಜಡಿದರು. ಕಂಕನಾಡಿಗೆ ಬಸ್ಸಿನಲ್ಲಿ ಹೋಗತೊಡಗಿದರು. ಸಂಜೆ ಅಂಗಿ ಮುದ್ದೆಯಾಗಿ, ಕಾಲು ತುಳಿಸಿಕೊಂಡು ಬರುತ್ತಿದ್ದರು. ಸರಕಾರಕ್ಕೆ ಅದು ಗೊತ್ತಾಗಲಿಲ್ಲ.

ಆಮೇಲೆ ಒಂದು ದಿನ ಅಮೆರಿಕದ ಸುದ್ದಿ ಓದಿದರು. ಅಲ್ಲಿ ಸರಕಾರವೇ ಎಣ್ಣೆ ತಂದು ನೆಲದಡಿಯ ಉಪ್ಪಿನ ಗುಹೆಗಳಲ್ಲಿ ತುಂಬಿಸಿಡುತ್ತದಂತೆ, ಆಪತ್ತಿಗೆ ಮಾತ್ರ ತೆಗೆಯುತ್ತದಂತೆ. ಇವರ ಕಣ್ಣು ಹೊಳೆಯಿತು. ನಮ್ಮಲ್ಲೂ ಹಾಗೆ ಮಾಡಬೇಕು, ಬೆಲೆ ಬಿದ್ದಾಗಲೇ ತುಂಬಿಸಬೇಕು, ಮಂಗಳೂರಿನಲ್ಲಿ ಬಂದರು ಉಂಟು, ಬಂಡೆಯೂ ಉಂಟು, ಬುದ್ಧಿ ಒಂದು ಬೇಕು ಎಂದು ಹೋಟೆಲಿನಲ್ಲಿ ವಾರಗಟ್ಟಲೆ ಹೇಳಿದರು. ನನಗೆ ಇದರಲ್ಲಿ ಹೊಸದೇನೂ ಕಾಣಲಿಲ್ಲ. ಹಲಸು ಬಿಟ್ಟಿ ಸಿಗುವ ಬೇಸಿಗೆಯಲ್ಲಿ ಸೊಳೆ ಬಿಡಿಸಿ ಉಪ್ಪಿನಲ್ಲಿ ಹಾಕಿ, ಭರಣಿಯ ಬಾಯಿಗೆ ಬಟ್ಟೆ ಕಟ್ಟಿ, ಜಡಿಮಳೆಯ ಆಟಿ ತಿಂಗಳವರೆಗೆ ಮುಟ್ಟದೆ ಇಡುವುದು ನಮ್ಮ ಅಜ್ಜಿಯ ಅಜ್ಜಿಗೂ ಗೊತ್ತಿತ್ತು. ಅಮೆರಿಕದವರು ಉಪ್ಪಿನ ತನಕ ಸರಿಯಾಗಿಯೇ ಬಂದಿದ್ದಾರೆ ಎಂದೆ. ಇವರಿಗೆ ಆ ಹೋಲಿಕೆ ಹಿಡಿಸಲಿಲ್ಲ. ಹಿಡಿಸದಿರಲು ಕಾರಣವಿತ್ತು. ಆಟಿಗೆ ಮೊದಲೇ ಭರಣಿಗೆ ಕೈ ಹಾಕಿ ಸಿಕ್ಕಿಬೀಳುವವರು ನಮ್ಮ ಮನೆಯಲ್ಲಿ ಇವರೊಬ್ಬರೇ.

ಸರಕಾರ ಮಾಡದಿದ್ದರೆ ಪ್ರಜೆ ಮಾಡಬೇಕು ಎಂದು ಬಂದರಿನ ದೋಣಿಯವರಿಂದ ಎರಡು ದೊಡ್ಡ ಪ್ಲಾಸ್ಟಿಕ್ ಕ್ಯಾನು ತಂದು ಪೆಟ್ರೋಲು ತುಂಬಿಸಿದರು. ಏರಿದ ಬೆಲೆಗೇ ತುಂಬಿಸಿದ್ದು ಎಂದು ನಾನು ನೆನಪಿಸಿದೆ. ತತ್ವ ಮುಖ್ಯ ಎಂದರು. ಬಚ್ಚಲಿನ ಒಲೆಯ ಹತ್ತಿರ ಇಡಲು ಹೊರಟಾಗ ನಾನು ಸೌದೆ ಎತ್ತಿಕೊಂಡೆ. ಕೊನೆಗೆ ಹಿತ್ತಿಲ ಕೋಳಿಗೂಡು ಖಾಲಿಯಾಯಿತು. ಕ್ಯಾನುಗಳು ಒಳಗೆ, ಕೋಳಿಗಳು ಹೊರಗೆ ಪೇರಳೆ ಮರದ ಮೇಲೆ. ಗೂಡಿಗೆ ಬೀಗ ಹಾಕಿ, ರಾಷ್ಟ್ರೀಯ ಆಪತ್ತು ಬಂದ ಹೊರತು ಈ ಬೀಗ ತೆಗೆಯುವುದಿಲ್ಲ ಎಂದು ಇವರು ಘೋಷಿಸಿದರು. ಕೋಳಿಗಳು ಮೊಟ್ಟೆ ಇಡುವುದನ್ನು ನಿಲ್ಲಿಸಿದವು.

ನಮ್ಮ ಕಂಪೌಂಡ್ ಗೋಡೆಯಾಚೆ ಅಲೀಮಮ್ಮನ ಮನೆ. ಗಂಡ ಹೋಗಿ ಬಹಳ ವರ್ಷವಾಗಿತ್ತು. ಮಗ ಸಲಾಂ ಸೌದಿಯಲ್ಲಿ, ಎಣ್ಣೆಯ ಪೈಪು ಹಾಕುವ ಕಂಪೆನಿಯ ಸ್ಟೋರಿನಲ್ಲಿ ಕೆಲಸಕ್ಕಿದ್ದ. ಮಗಳು ಲೈಲಾ ಮದುವೆಯ ವಯಸ್ಸಿಗೆ ಬಂದವಳು. ಅವಳಿಗೆ ಮೊದಲೊಂದು ಸಂಬಂಧ ಗೊತ್ತಾಗಿ, ಕಾರಣ ಹೇಳದೆ ಮುರಿದಿತ್ತು. ಈಗ ಬಂದರಿನ ಬಟ್ಟೆ ವ್ಯಾಪಾರಿ ನೂರ್ ಮುಹಮ್ಮದ್ ಬ್ಯಾರಿಗಳ ಮಗನಿಗೆ ಕೇಳಿದ್ದರು. ಹುಡುಗ ದುಬಾಯಿಯಲ್ಲಿದ್ದ. ಸಲಾಂ ರಜೆಯಲ್ಲಿ ಬಂದ ಕೂಡಲೇ ತಾರೀಕು ಇಡೋಣ, ಹುಡುಗ ಮದುವೆಗೆ ಬರುತ್ತಾನೆ ಎಂದು ಮಾತಾಗಿತ್ತು. ಹುಡುಗಿಯ ಅಣ್ಣ ಗಲ್ಫಿನಲ್ಲಿದ್ದಾನೆ ಎಂಬುದೇ ಆ ಮನೆಯ ದೊಡ್ಡ ಆಸ್ತಿ.

ಪ್ರತಿ ಬೆಳಿಗ್ಗೆ ಪೇಪರು ಬಂದ ಕೂಡಲೇ ಇವರು ಗೋಡೆಯ ಬಳಿ ಹೋಗುತ್ತಿದ್ದರು. ಹಲ್ಲುಜ್ಜುತ್ತಲೋ ಮೀನು ಹೆಚ್ಚುತ್ತಲೋ ಅಲೀಮಮ್ಮ ಅಲ್ಲಿರುತ್ತಿದ್ದರು.

"ಅಲೀಮಮ್ಮ, ಇವತ್ತು ಮತ್ತೆ ಬಿತ್ತು!"

"ಹೌದಾ ಶೆಟ್ರೇ? ಇನ್ನೂ ಬೀಳ್ತದಾ?"

"ಬೀಳದೆ? ಹತ್ತು ಡಾಲರಿಗೆ ಬರ್ತದೆ ನೋಡಿ. ಆ ಶೇಕುಗಳಿಗೆ ಬುದ್ಧಿ ಬರಬೇಕು!"

"ಒಳ್ಳೆದಾಯ್ತು," ಎಂದು ಅಲೀಮಮ್ಮ ತಲೆಯ ಮೇಲಿನ ಬಟ್ಟೆ ಸರಿಮಾಡಿಕೊಳ್ಳುತ್ತಿದ್ದರು. ನಾನೂ ಕೇಳಿಸಿಕೊಳ್ಳುತ್ತಿದ್ದೆ. ನನಗೂ ಅದರಲ್ಲಿ ಏನೂ ತೋಚಲಿಲ್ಲ. ದಿನವೂ ಬೆಳಿಗ್ಗೆ ಪಕ್ಕದ ಮನೆಗೆ ಹೂವು ಕೊಟ್ಟ ಹಾಗೆ ಇವರು ಆ ಸುದ್ದಿ ಕೊಡುತ್ತಿದ್ದರು.

ಮೇ ತಿಂಗಳಲ್ಲಿ ಒಂದು ಮಧ್ಯಾಹ್ನ ನಾನು ಹಿತ್ತಿಲಲ್ಲಿ ಚಾಪೆ ಹಾಸಿ ಹಲಸಿನ ಹಪ್ಪಳ ಒಣಗಿಸುತ್ತಿದ್ದೆ. ಬೇಲಿ ಸರಿಸಿಕೊಂಡು ಯಾರೋ ಬಂದರು. ಕಾಗೆ ಓಡಿಸುವ ಕೋಲು ಎತ್ತಿದೆ. ಸಲಾಂ. ಕೈಯಲ್ಲಿ ಒಂದೇ ಒಂದು ರೆಕ್ಸಿನ್ ಚೀಲ. ಬೊಂಬಾಯಿ ಬಸ್ಸಿನಿಂದ ನಂತೂರಿನಲ್ಲಿ ಇಳಿದು, ಕಾವೂರು ಬಸ್ಸಿನಲ್ಲಿ ಗುರುತಿನವರು ಸಿಗುತ್ತಾರೆಂದು ಆ ಬಿಸಿಲಲ್ಲಿ ನಡೆದೇ ಬಂದಿದ್ದ.

"ರತ್ನಕ್ಕ, ಈಚೆಯಿಂದ ಹೋಗ್ಬಹುದಾ? ರಸ್ತೆಯಲ್ಲಿ ಜನ ಉಂಟು."

"ಎಂತದು ಮಾರಾಯ? ಹೇಳದೆ ಕೇಳದೆ?"

"ಕಂಪೆನಿ ಬಂದ್ ಆಯ್ತು ಅಕ್ಕ. ಪೈಪು ಹಾಕುವ ಕೆಲಸವೇ ನಿಲ್ಲಿಸಿದ್ರು. ಎಣ್ಣೆಗೆ ರೇಟಿಲ್ಲ ಅಂತ. ಬೊಂಬಾಯಿವರೆಗೆ ಟಿಕೇಟು ಕೊಟ್ಟು ಕಳಿಸಿದ್ರು, ಅಷ್ಟೇ."

ನಾನು ನೀರು, ಬೆಲ್ಲ ತಂದುಕೊಟ್ಟೆ. ಅವನು ನೀರು ಕುಡಿದು ಬೆಲ್ಲವನ್ನು ಕೈಯಲ್ಲೇ ಹಿಡಿದುಕೊಂಡು ನಿಂತ. ಎಣ್ಣೆ ಬಿದ್ದದ್ದನ್ನು ನಾವು ಇಷ್ಟು ತಿಂಗಳು ಪೇಪರಿನಲ್ಲಿ ಓದಿದ್ದೆವು, ಅದು ಎಲ್ಲಿ ಬಿತ್ತೆಂದು ನನಗೆ ಆಗ ತಿಳಿಯಿತು. ನನಗೆ ಬಹಳ ನಾಚಿಕೆಯಾಯಿತು.

ಗಲ್ಫಿನಿಂದ ಬರುವವರು ಹೇಗೆ ಬರಬೇಕು ಎಂಬುದಕ್ಕೆ ನಮ್ಮ ಕಡೆ ಒಂದು ಕ್ರಮವಿದೆ. ಬಜ್ಪೆಯ ವಿಮಾನ ನಿಲ್ದಾಣದಿಂದ ಕಾರಿನಲ್ಲಿ ಬರಬೇಕು. ಕಾರಿನ ತಲೆಯ ಮೇಲೆ ಹಗ್ಗ ಬಿಗಿದ ರಟ್ಟಿನ ಪೆಟ್ಟಿಗೆಗಳಿರಬೇಕು. ಸಂಜೆಯೊಳಗೆ ನೆರೆಕರೆಯ ಪ್ರತಿ ಮನೆಗೂ ಒಂದು ಸಾಬೂನು, ಮಕ್ಕಳಿದ್ದರೆ ಚಾಕಲೇಟು, ಹತ್ತಿರದವರಿಗೆ ಅತ್ತರು, ವಯಸ್ಸಾದವರಿಗೆ ಕೊಡಲಿಯ ಚಿತ್ರವಿರುವ ನೋವಿನ ಎಣ್ಣೆಯ ಪುಟ್ಟ ಸೀಸೆ ತಲುಪಬೇಕು. ಆ ಸೀಸೆಯ ಮೇಲೆ ಸಿಂಗಾಪುರ ಎಂದು ಬರೆದಿರುತ್ತದೆ, ಆದರೂ ನಮಗೆ ಅದು ಗಲ್ಫಿನ ಎಣ್ಣೆಯೇ. ಕೈಬೀಸಿಕೊಂಡು ಬಂದವನು ಎಂತಕ್ಕೆ ಬಂದ ಎಂದು ಯಾರೂ ಕೇಳುವುದಿಲ್ಲ. ಕೇಳುವ ಮೊದಲೇ ಊರಿಗೆ ಗೊತ್ತಾಗಿರುತ್ತದೆ.

ಸಂಜೆ ಅಲೀಮಮ್ಮ ಬಂದು ನನ್ನನ್ನು ಕರೆದುಕೊಂಡು ಹೋದರು. ಅಳಲಿಲ್ಲ. ಒಳಕೋಣೆಯ ಮರದ ಕಪಾಟು ತೆರೆದರು. ಮೇಲಿನಿಂದ ಕೆಳಗಿನವರೆಗೆ ಸಾಬೂನು, ಅತ್ತರು, ಹೊಳೆಯುವ ಬಟ್ಟೆಯ ತುಂಡು, ಹುಲಿಯ ಚಿತ್ರದ ಕಂಬಳಿ, ಹಾಲುಪುಡಿಯ ಡಬ್ಬ, ಚಾಕಲೇಟು. ಸಲಾಂ ಪ್ರತಿ ರಜೆಯಲ್ಲಿ ತಾಯಿಗೆಂದು ತಂದದ್ದು. ಒಂದನ್ನೂ ಬಿಚ್ಚಿರಲಿಲ್ಲ. ಮಧ್ಯೆ ಮಧ್ಯೆ ನುಸಿಗುಳಿಗೆ ಹಾಕಿದ್ದರು, ವಾಸನೆಗೆ ಕಣ್ಣಲ್ಲಿ ನೀರು ಬರುತ್ತಿತ್ತು.

"ಹೇಗೂ ಇರ್ಲಿ ಅಂತ ಇಟ್ಟದ್ದು ರತ್ನಕ್ಕ," ಎಂದರು. "ಶೆಟ್ರು ದಿನಾ ಹೇಳ್ತಿದ್ರಲ್ಲ, ಬಿತ್ತು ಬಿತ್ತು ಅಂತ. ನನಗೆ ಆಗಲೇ ಗೊತ್ತಾಗಿತ್ತು. ಈ ಸಲ ಲೈಲಾನಿಗೆ ಒಂದು ಸಾಬೂನು ಸಹ ತೆಗೆಯಲಿಕ್ಕೆ ಬಿಡ್ಲಿಲ್ಲ ನಾನು."



ಅವರ ಯೋಚನೆ ಹೀಗಿತ್ತು. ಸಲಾಂ ಭಾನುವಾರ ಬರುತ್ತಾನೆಂದು ಹೇಳಿಕಳಿಸಿದರೆ ನೂರ್ ಮುಹಮ್ಮದ್ ಬ್ಯಾರಿಗಳು ಅವತ್ತೇ ತಾರೀಕು ಇಡಲು ಬರುತ್ತಾರೆ. ಅಲ್ಲಿಯವರೆಗೆ ಸಲಾಂ ಮನೆಯೊಳಗೆ ಅಡಗಿರಬೇಕು. ಭಾನುವಾರ ಈ ಕಪಾಟಿನ ಸಾಮಾನೆಲ್ಲ ಪೆಟ್ಟಿಗೆಯಲ್ಲಿ ತುಂಬಿಸಿಕೊಂಡು ಅವನು ಬಜ್ಪೆಯಿಂದ ಕಾರಿನಲ್ಲಿ, ಎಲ್ಲರೂ ನೋಡುವ ಹಾಗೆ, ಇನ್ನೊಂದು ಸಲ ಬರಬೇಕು. ಟ್ಯಾಕ್ಸಿಯವರು ಊರಿನವರೇ, ಬಾಯಿ ಬಿಡುತ್ತಾರೆ. ಶೆಟ್ಟರ ಕಾರು ಸಿಕ್ಕಿದರೆ ಆಗಬಹುದು.

ಲೈಲಾ ಬಾಗಿಲಿಗೆ ಒರಗಿ ನಿಂತಿದ್ದಳು. "ಇದೆಲ್ಲ ಬೇಡ ಉಮ್ಮ. ಇದ್ದದ್ದು ಹೇಳುವಾ. ನಾಳೆ ಆ ಮನೆಗೆ ಹೋದ ಮೇಲೆ ನಾನು ಎಂತ ಮುಖ ಇಟ್ಕೊಂಡು ಕೂತ್ಕೊಳ್ಳುವುದು?"

"ಮೊದಲು ಆ ಮನೆಗೆ ಹೋಗು. ಆಮೇಲೆ ಮುಖದ ವಿಷಯ," ಎಂದರು ಅಲೀಮಮ್ಮ.

ನ್ಯಾಯವಾಗಿ ನಾನು ಲೈಲಾಳ ಪರ ನಿಲ್ಲಬೇಕಿತ್ತು. ನಿಲ್ಲಲಿಲ್ಲ. ದುಡಿಯಲು ಹೋದ ಹುಡುಗ ಬರಿಗೈಯಲ್ಲಿ ತನ್ನ ಮನೆಗೇ ಕಳ್ಳನ ಹಾಗೆ ಬೇಲಿ ಸರಿಸಿ ಬರಬೇಕಾಯಿತಲ್ಲ ಎಂದು ನನಗೆ ಊರಿನ ಮೇಲೆಯೇ ಸಿಟ್ಟು ಬಂದಿತ್ತು. ಇಂಥ ಊರಿಗೆ ಒಂದು ಸುಳ್ಳು ಹೇಳಿದರೆ ಪಾಪ ಬರುವುದಿಲ್ಲ ಎಂದುಕೊಂಡೆ.

ಆ ವಾರ ಕಪಾಟಿನ ಬಟ್ಟೆ, ಕಂಬಳಿಗಳನ್ನು ನನ್ನ ತಾರಸಿಯ ಮೇಲೆ ಹಪ್ಪಳದ ಜೊತೆ ಬಿಸಿಲಿಗೆ ಹಾಕಿದೆ. ನುಸಿಗುಳಿಗೆಯ ವಾಸನೆ ಬಟ್ಟೆಯಿಂದ ಹೋಗಲಿಲ್ಲ, ಹಪ್ಪಳಕ್ಕೆ ಬಂತು. ಚಾಕಲೇಟು ಬೆಳ್ಳಗಾಗಿತ್ತು. ಹಾಲುಪುಡಿ ಡಬ್ಬದೊಳಗೆ ಕಲ್ಲಾಗಿ, ಅಲ್ಲಾಡಿಸಿದರೆ ಟಕ್ಕೆನ್ನುತ್ತಿತ್ತು. ಕೊಡುವಾಗ ಅಲ್ಲಾಡಿಸಬೇಡಿ ಎಂದು ಅಲೀಮಮ್ಮನಿಗೆ ಹೇಳಿದೆ. ಅವರು ಹೆಚ್ಚು ಮೀನು ತೆಗೆದುಕೊಂಡರೆ ಸಂಶಯ ಬರುತ್ತದೆಂದು ಸಲಾಂನ ಪಾಲಿನ ಮೀನನ್ನೂ ನಾನೇ ಕೊಂಡೆ.

"ಎಂತ ರತ್ನಕ್ಕ, ಮನೆಗೆ ನೆಂಟರಾ?" ಎಂದು ಮೀನಿನ ಕುಶಲಾ ಕೇಳಿದಳು.

"ಇಲ್ಲ, ಇವರಿಗೆ ಹಸಿವು ಜಾಸ್ತಿಯಾಗಿದೆ," ಎಂದೆ. ಮರುದಿನ ಕಂಕನಾಡಿಯಲ್ಲಿ ಯಾರೋ ಇವರಿಗೆ ಸಕ್ಕರೆ ಕಾಯಿಲೆಯ ಪರೀಕ್ಷೆ ಮಾಡಿಸಲು ಹೇಳಿದರಂತೆ.

ಉಳಿದದ್ದು ಕಾರು. ಶನಿವಾರ ಊಟಕ್ಕೆ ಕೂತಾಗ ಇವರಿಗೆ ಹೇಳಿದೆ, ನಾಳೆ ಕೋಳಿಗೂಡಿನ ಬೀಗ ತೆಗೆಯಬೇಕು ಎಂದು.

"ಎಂತಕ್ಕೆ? ಅದು ಆಪತ್ತಿಗೆ ಇಟ್ಟದ್ದು."

"ಆಪತ್ತು ಬಂದಿದೆ."

"ರಾಷ್ಟ್ರೀಯ ಆಪತ್ತು ಅಂದ್ರೆ ಎಂತ ಅಂತ ಗೊತ್ತುಂಟಾ ನಿಂಗೆ? ಯುದ್ಧ ಆಗಬೇಕು, ಹಡಗು ನಿಲ್ಲಬೇಕು..."

ನಾನು ಎಲ್ಲ ಹೇಳಿದೆ. ಸಲಾಂ, ಕಪಾಟು, ಭಾನುವಾರ. ಕೊನೆಗೆ ಗೋಡೆಯ ವಿಷಯವನ್ನೂ ಹೇಳಿದೆ. ಬೇಕೆಂದೇ ಹೇಳಿದೆ, ಯಾಕೆಂದರೆ ಆ ನಾಚಿಕೆಯನ್ನು ನಾನೊಬ್ಬಳೇ ಹೊರಲು ನನಗೆ ಮನಸ್ಸಿರಲಿಲ್ಲ. ಇವರು ಅನ್ನ ಕಲಸುವುದನ್ನು ನಿಲ್ಲಿಸಿದರು.

"ನಾನು ದಿನಾ ಹೋಗಿ ಹೇಳ್ತಿದ್ದೆ," ಎಂದರು.

"ಹೌದು."

"ಅವರು ಒಳ್ಳೆದಾಯ್ತು ಅಂತಿದ್ರು."

"ಹೌದು."

"ಹತ್ತು ಡಾಲರಿಗೆ ಬರ್ತದೆ ಅಂದದ್ದು ನಾನು." ಅಷ್ಟು ಹೇಳಿ ಎದ್ದು ಕೈ ತೊಳೆದರು. ಮೂವತ್ತು ವರ್ಷದ ಸಂಸಾರದಲ್ಲಿ ಇವರು ಬಂಗುಡೆ ಸಾರು ಬಿಟ್ಟು ಎದ್ದದ್ದನ್ನು ನಾನು ನೋಡಿರಲಿಲ್ಲ.

ಭಾನುವಾರ ಬೆಳಿಗ್ಗೆ ಬೀಗ ತೆಗೆದರು. ಒಂದು ಕ್ಯಾನಿನ ಮುಚ್ಚಳ ಸಡಿಲವಾಗಿತ್ತು, ಒಳಗೆ ತಳ ಮುಚ್ಚುವಷ್ಟೇ ಪೆಟ್ರೋಲು. ರಾಷ್ಟ್ರದ ಅರ್ಧ ದಾಸ್ತಾನು ಬೇಸಿಗೆಯ ಗಾಳಿಗೆ ಹೋಗಿತ್ತು. ಇವರು ಇನ್ನೊಂದು ಕ್ಯಾನನ್ನು ಕಾರಿಗೆ ಸುರಿದರು. ಕೋಳಿಗಳು ಮರದಿಂದಿಳಿದು ಗೂಡಿನೊಳಗೆ ಹೋಗಿ, ವಾಸನೆ ನೋಡಿ ಹೊರಗೆ ಬಂದವು.

ಕಾರು ಹಿಂಬದಿಯ ದಾರಿಯಿಂದ ಬಜ್ಪೆಯ ಕಡೆ ಹೋಯಿತು. ಸಲಾಂ ಹಿಂದಿನ ಸೀಟಿನಲ್ಲಿ ಪೆಟ್ಟಿಗೆಗಳ ನಡುವೆ ಮಲಗಿದ್ದ. ಅಲ್ಲಿ ಗೇರುಮರಗಳ ಅಡಿಯಲ್ಲಿ ಪೆಟ್ಟಿಗೆಗಳನ್ನು ಮೇಲೆ ಕಟ್ಟಿ, ಕಪ್ಪು ಕನ್ನಡಕ ಹಾಕಿ ಕಾದರಂತೆ. ಬೊಂಬಾಯಿಯ ವಿಮಾನದ ಸದ್ದು ಕಾವೂರಿಗೂ ಕೇಳಿಸುತ್ತದೆ, ಅದು ಇಳಿಯದೆ ಯಾರೂ ವಿಮಾನದಿಂದ ಬರುವಂತಿಲ್ಲ. ಸದ್ದು ಕೇಳಿಸಿ ಸ್ವಲ್ಪ ಹೊತ್ತಿನಲ್ಲಿ ನಮ್ಮ ಫಿಯಟ್ ಕಾವೂರಿನ ರಸ್ತೆಯಲ್ಲಿ ಹಾರನ್ ಹೊಡೆಯುತ್ತ ಬಂತು. ಇವರು ಸ್ಟಿಯರಿಂಗ್ ಹಿಡಿದು ಮದುವೆಯ ದಿಬ್ಬಣದ ಮುಂದಿರುವವರ ಹಾಗೆ ಕೂತಿದ್ದರು.

ಎದುರುಮನೆಯ ಬೆನಿಟಾ ಬಾಯಿ ಎಲ್ಲರಿಗಿಂತ ಮೊದಲು ಬಂದು ಪೆಟ್ಟಿಗೆಗಳನ್ನು ನೋಡಿದರು. "ಈ ಸಲ ಜಾಸ್ತಿ ಉಂಟಲ್ಲ!" ಎಂದರು. ಅಲೀಮಮ್ಮ ಮಗನನ್ನು ವರ್ಷದ ಮೇಲೆ ನೋಡಿದ ಹಾಗೆ ತಬ್ಬಿಕೊಂಡು ಅತ್ತರು. ಅದು ನಾಟಕವಲ್ಲ. ಆ ವಾರವೆಲ್ಲ ಅಳದೆ ಇಟ್ಟುಕೊಂಡದ್ದು ಅದು.

ಮಧ್ಯಾಹ್ನ ನೂರ್ ಮುಹಮ್ಮದ್ ಬ್ಯಾರಿಗಳು ಬಂದರು. ಬಿಳಿ ಅಂಗಿ, ಬಿಳಿ ಗಡ್ಡ, ಕಡಿಮೆ ಮಾತು. ಅವರ ಕೈಯಲ್ಲೂ ಒಂದು ಕಟ್ಟಿತ್ತು, ಮಗ ದುಬಾಯಿಯಿಂದ ಲೈಲಾಳಿಗೆ ಕಳಿಸಿದ ಬಟ್ಟೆಯಂತೆ. ಚಾವಡಿಯಲ್ಲಿ ಸಲಾಂ, ಇವರು ಮತ್ತು ಬ್ಯಾರಿಗಳು ಕೂತರು. ನಾವು ಹೆಂಗಸರು ಪರದೆಯ ಈಚೆ. ಸಲಾಂ ಬ್ಯಾರಿಗಳಿಗೆ ಅತ್ತರಿನ ಪೆಟ್ಟಿಗೆಯನ್ನೂ ಹುಲಿಯ ಕಂಬಳಿಯನ್ನೂ ಕೊಟ್ಟ. ಅವರು ಬಟ್ಟೆಯ ವ್ಯಾಪಾರದಲ್ಲೇ ಗಡ್ಡ ನರೆಸಿದವರು. ಕಂಬಳಿಯನ್ನು ಬೆರಳಲ್ಲಿ ಉಜ್ಜಿ ನೋಡಿದರು. ಮೂಗಿನ ಹತ್ತಿರ ತಂದರು. ಲೈಲಾ ನನ್ನ ಕೈ ಹಿಡಿದುಕೊಂಡಳು.

"ಒಳ್ಳೆ ಮಾಲು," ಎಂದರು ಬ್ಯಾರಿಗಳು. ತಮ್ಮ ಕಟ್ಟನ್ನು ಬಿಚ್ಚಿ ಸಲಾಂನ ಕೈಗೆ ಕೊಡಲು ಹೋದರು.

ಆಗ ಟಕ್ ಎಂದು ಏನೋ ಬಿದ್ದು ಸಿಮೆಂಟು ನೆಲದ ಮೇಲೆ ಉರುಳುತ್ತ ಹೋಯಿತು. ಬಿಳಿಯ ನುಸಿಗುಳಿಗೆ. ಅದು ಇವರ ಕಾಲಬೆರಳಿಗೆ ತಾಗಿ ನಿಂತಿತು. ಇವರು ಬಗ್ಗಿ ಎತ್ತಿಕೊಂಡು, ಬೆಳಕಿಗೆ ಹಿಡಿದು, ಬಸ್ಸಿನಲ್ಲಿ ಬಿದ್ದ ಕೊಡೆಯನ್ನು ಎತ್ತಿ ಕೇಳುವವರ ಹಾಗೆ ಕೇಳಿದರು:

"ಇದು ಯಾರದ್ದು?"

"ನಮ್ಮದು," ಎಂದರು ಅಲೀಮಮ್ಮ ಪರದೆಯ ಈಚೆಯಿಂದ.

"ನಮ್ಮದು," ಎಂದರು ನೂರ್ ಮುಹಮ್ಮದ್ ಬ್ಯಾರಿಗಳು ಆಚೆಯಿಂದ.

ಎರಡೂ ಒಟ್ಟಿಗೇ ಬಂದವು. ಲೈಲಾ ನನ್ನ ಕೈ ಬಿಟ್ಟು, ಪರದೆ ಸರಿಸಿ ಹೊರಗೆ ಹೋದಳು. ತಡೆಯಲು ಯಾರಿಗೂ ಹೊಳೆಯಲಿಲ್ಲ.

"ಅಣ್ಣ ಬಂದು ಐದು ದಿನ ಆಯ್ತು," ಎಂದಳು. "ಕೆಲಸ ಹೋಗಿದೆ. ಇದೆಲ್ಲ ಉಮ್ಮ ಕಪಾಟಿನಲ್ಲಿ ಇಟ್ಟ ಸಾಮಾನು. ಕಾರು ಮಾತ್ರ ಶೆಟ್ರದ್ದು."

ಬ್ಯಾರಿಗಳು ಆ ಹುಲಿಯ ಕಂಬಳಿಯನ್ನು ಮಡಚಿ ಪಕ್ಕಕ್ಕಿಟ್ಟರು.

"ನಮ್ಮವ ಬಂದು ಒಂದು ತಿಂಗಳಾಯ್ತು ಮಗಳೇ," ಎಂದರು. "ಮಹಡಿಯಲ್ಲಿ ಕೂರಿಸಿದ್ದೇವೆ. ಕಿಟಕಿ ಸಹ ತೆಗೆಯುವುದಿಲ್ಲ. ಈ ಬಟ್ಟೆ ಹೋದ ವರ್ಷ ಅವ ತಾಯಿಗೆ ತಂದದ್ದು. ನಿಮಗೆ ಗೊತ್ತಾದ್ರೆ ಹುಡುಗಿ ಕೊಡ್ಲಿಕ್ಕಿಲ್ಲ ಅಂತ ಹೆದರಿಕೆ ನಮಗೆ."

ಪರದೆಯ ಈಚೆ ಅಲೀಮಮ್ಮ ನೆಲದ ಮೇಲೆ ಕೂತುಬಿಟ್ಟರು. ನಗುತ್ತಿದ್ದರೋ ಅಳುತ್ತಿದ್ದರೋ ಹೇಳುವುದು ಕಷ್ಟ. ನಾನು ಎರಡನ್ನೂ ಮಾಡಿದೆ. ಆಮೇಲೆ ಅವರು ಪರದೆಗೆ ಮುಖ ಮಾಡಿ ಕೇಳಿದರು:

"ಹುಡುಗನಿಗೆ ಅಲ್ಲಿ ಮೇಲೆ ಸೆಕೆ ಆಗ್ತದೋ ಏನೋ. ಕರ್ಕೊಂಡು ಬರಬಹುದಿತ್ತು. ಊಟ ಉಂಟು."

ಇವರು ಆಗಲೇ ಕಾರಿನ ಬೀಗದ ಕೈ ಹಿಡಿದು ಎದ್ದಿದ್ದರು. ಕ್ಯಾನಿನ ತಳದಲ್ಲಿ ಉಳಿದದ್ದೂ ಅವತ್ತು ಬಂದರಿಗೆ ಹೋಗಿ ಬರಲು ಖರ್ಚಾಯಿತು. ಊಟ ಮುಗಿದು ತಾರೀಕು ಇಟ್ಟಾಗ ಸಂಜೆಯಾಗಿತ್ತು. ಹುಡುಗ ಬಿಸಿಲು ಕಾಣದೆ ಬಿಳಿಚಿಕೊಂಡಿದ್ದ, ಬಿರಿಯಾನಿಯನ್ನು ತಲೆ ಎತ್ತದೆ ತಿಂದ. ಬೆನಿಟಾ ಬಾಯಿ ಸಾಬೂನು ಎಲ್ಲಿ ಎಂದು ಕೇಳಿಕೊಂಡು ಬಂದಾಗ ಅಲೀಮಮ್ಮ ಎರಡು ಕೊಟ್ಟು ಕಳಿಸಿದರು.

ಮರುದಿನ ಬೆಳಿಗ್ಗೆ ಪೇಪರಿನವನು ಪೇಪರು ಎಸೆದು ಹೋದ. ಇವರು ಎತ್ತಿಕೊಂಡು, ನಿಂತಲ್ಲೇ ಒಳಪುಟ ತೆರೆದು ಓದಿದರು. ಅಭ್ಯಾಸಬಲದಿಂದ ಕಾಲು ಗೋಡೆಯ ಕಡೆ ನಡೆಯಿತು. ಆಚೆ ಅಲೀಮಮ್ಮ ಹಗ್ಗಕ್ಕೆ ಬಟ್ಟೆ ಹಾಕುತ್ತಿದ್ದರು. ಇವರು ಗೋಡೆಯ ಬಳಿ ಹೋಗಿ ನಿಂತಮೇಲೆ, ತಾವು ಎಲ್ಲಿಗೆ ಬಂದೆವೆಂದು ಇವರಿಗೆ ಗೊತ್ತಾಯಿತು.

"ಎಂತ ಶೆಟ್ರೇ," ಎಂದು ಅಲೀಮಮ್ಮನೇ ಕೇಳಿದರು. "ಇವತ್ತು ಬಿತ್ತಾ?"

ಇವರು ಪೇಪರನ್ನು ಮಡಚಿ ಕಂಕುಳಲ್ಲಿ ಇಟ್ಟುಕೊಂಡರು.

"ಇವತ್ತು ಪೇಪರ್ ಬರ್ಲಿಲ್ಲ ಅಲೀಮಮ್ಮ," ಎಂದರು.